ಕ್ಷೌರದ ಕತ್ತಿಯ ಹಿಡಿ: ಮರಗೆಲಸ ಮತ್ತು ಮಾತು

ಮಡಚುವ ಕ್ಷೌರದ ಕತ್ತಿಯನ್ನು ಕಂಡವರ ಗಮನ ಮೊದಲು ಅಲಗಿನ ಮೇಲೆ ಹೋಗುತ್ತದೆ. ಆದರೆ ಅಲಗಿನ ಬಾಯಿಯನ್ನೂ ಬಳಸುವವರ ಬೆರಳನ್ನೂ ಕಾಯುವುದು ಅದರ ಹಿಡಿ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಪಟ್ಟಣಗಳಲ್ಲಿ ತಯಾರಾದ ಹಳೆಯ ಕತ್ತಿಗಳಿಗೆ ಕೊಂಬು, ದಂತ, ಮರ, ಅನಂತರದ ಕಾಲದಲ್ಲಿ ಸೆಲ್ಯುಲಾಯ್ಡಿನ ಹಿಡಿಗಳಿದ್ದವು. ಉಕ್ಕು ಉಳಿದು ಹಿಡಿ ಮಾತ್ರ ಸೀಳಿಹೋದ ಇಂತಹ ಕತ್ತಿಗಳಿಗೆ ಮರದ ಹೊಸ ಹಿಡಿ ಕೂಡಿಸುವುದು ಇಂದು ಹಲವು ದೇಶಗಳಲ್ಲಿ ಒಂದು ಹವ್ಯಾಸ. ಈ ಕೆಲಸದ ಕ್ರಮವನ್ನು ತಿಳಿದರೆ, ಆದವಾನಿ ಸೀಮೆಯ ಕನ್ನಡ ವಿದ್ಯಾರ್ಥಿಗಳಿಗೆ ಕೆಲವು ಶಬ್ದಗಳ ಅರ್ಥವೂ ಸ್ಪಷ್ಟವಾಗುತ್ತದೆ.

ಹಿಡಿಯಲ್ಲಿ ಮೂರು ಅಂಗಗಳಿವೆ: ಎರಡು ತೆಳು ಹಲಗೆಗಳು, ಅವುಗಳ ಬಾಲದ ತುದಿಯಲ್ಲಿ ಕೂರುವ ಬೆಣೆ, ಇವನ್ನು ಬಂಧಿಸುವ ಹಿತ್ತಾಳೆಯ ಮೊಳೆಗಳು. ಹಲಗೆ ಸುಮಾರು 15 ಸೆಂ.ಮೀ. ಉದ್ದ, 3 ಮಿ.ಮೀ. ದಪ್ಪವಿದ್ದರೆ ಸಾಕು. ಮರದ ಎಳೆ ಉದ್ದಕ್ಕೆ ಹರಿದಿರಬೇಕು. ಅಡ್ಡ ಎಳೆಯಿದ್ದರೆ ಮೊಳೆಯ ತೂತಿನ ಬಳಿ ಹಲಗೆ ಮುರಿಯುತ್ತದೆ. ಎರಡು ಹಲಗೆಗಳನ್ನು ಒಂದಕ್ಕೊಂದು ಅಂಟಿಸಿಕೊಂಡು ಒಟ್ಟಿಗೆ ಕೊರೆದು, ಅರದಿಂದ ಉಜ್ಜಿ, ಆಮೇಲೆ ಬೇರ್ಪಡಿಸಿದರೆ ಎರಡೂ ಒಂದೇ ಆಕಾರಕ್ಕೆ ಬರುತ್ತವೆ. ಬೆಣೆಯ ಕೆಲಸ ಎಲ್ಲಕ್ಕಿಂತ ಸೂಕ್ಷ್ಮವಾದುದು. ಅದರ ಒಂದು ಬದಿ ಕೂದಲೆಳೆಯಷ್ಟು ಹೆಚ್ಚಾದರೂ ಮಡಚಿದ ಅಲಗು ನಡುವೆ ಬೀಳದೆ ಒಂದು ಹಲಗೆಗೆ ತಾಗಿ ಬಾಯಿ ಮುರಿದುಕೊಳ್ಳುತ್ತದೆ. ಕೊನೆಗೆ ಮೊಳೆಯ ತುದಿಯನ್ನು ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಅಗಲಿಸುತ್ತಾರೆ. ಜೋರಾಗಿ ಬಡಿದರೆ ಮರ ಸೀಳುತ್ತದೆ. ಈ ಹಂತದಲ್ಲಿ ಅಲಗಿಗೆ ಪಟ್ಟಿ ಸುತ್ತಿರಬೇಕು. ಮರವನ್ನು ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿರಬೇಕು.

ಹಿಡಿಗೆ ಶತ್ರು ನೀರು. ಆದುದರಿಂದ ಚೆನ್ನಾಗಿ ಒಣಗಿದ ಗಟ್ಟಿ ಮರವೇ ಬೇಕು. ಬೀಟೆ, ರಕ್ತಚಂದನಗಳು ನೋಡಲು ಚೆಲುವಾದರೂ ಅವುಗಳ ಕಡಿತ ಮತ್ತು ಸಾಗಣೆ ಅರಣ್ಯ ಕಾನೂನಿಗೆ ಒಳಪಟ್ಟಿವೆ. ಹಳೆಯ ಬಂಡಿಯ ಜಾಲಿ, ಹುಣಸೆಯ ಕೆಚ್ಚು, ಕಮರದ ತುಂಡು ಈ ಕೆಲಸಕ್ಕೆ ಧಾರಾಳವಾಗಿ ಸಾಲುತ್ತವೆ. ಲೇಪಕ್ಕೆ ಅಗಸೆ ಎಣ್ಣೆ ಯೋಗ್ಯ. ಅದು ಗಾಳಿಗೆ ಒಣಗಿ ಮರದಲ್ಲಿ ಗಟ್ಟಿಯಾಗುತ್ತದೆ. ಈ ಭಾಗದಲ್ಲಿ ಹೇರಳವಾಗಿ ಸಿಗುವ ಶೇಂಗಾ ಎಣ್ಣೆ ಹಾಗೆ ಒಣಗುವುದಿಲ್ಲ.

ಇನ್ನು ಶಬ್ದಗಳ ವಿಚಾರ. ಕನ್ನಡದ 'ಹಿಡಿ' ಕ್ರಿಯಾಪದವೂ ಹೌದು, ನಾಮಪದವೂ ಹೌದು. ಮುಷ್ಟಿಗೂ ಅದೇ ಮಾತು, ಆಯುಧದ ಹಿಡಿಕೆಗೂ ಅದೇ ಮಾತು. ಮರಾಠಿಯ 'ಮೂಠ್' ಕೂಡ ಈ ಎರಡು ಅರ್ಥಗಳನ್ನು ಹೊತ್ತಿದೆ. ಅದರ ಮೂಲ ಸಂಸ್ಕೃತದ 'ಮುಷ್ಟಿ'. ಹಳಗನ್ನಡದಲ್ಲಿ 'ಪಿಡಿ' ಎಂದಿದ್ದುದು 'ಹಿಡಿ' ಆಯಿತು. ತೆಲುಗಿನಲ್ಲಿ ಹಿಡಿಕೆಗೆ ಇಂದಿಗೂ 'ಪಿಡಿ' ಎಂದೇ ಹೆಸರು. ಹೀಗೆ ವ್ಯಾಕರಣದ ಪಾಠದಲ್ಲಿ ಓದುವ ಪಕಾರ-ಹಕಾರ ವ್ಯತ್ಯಾಸವನ್ನು ಆದವಾನಿಯ ಬಡಗಿಯ ಕೊಟ್ಟಿಗೆಯಲ್ಲಿ ಕಿವಿಯಾರೆ ಕೇಳಬಹುದು.

ಆದರೆ ಎಲ್ಲ ಹಕಾರವೂ ಪಕಾರದಿಂದ ಬಂದುದಲ್ಲ. ಕ್ಷೌರಿಕರು ಕತ್ತಿಯನ್ನು ಇಡುವ ಚೀಲ 'ಹಡಪ'. ಇದರ ಹಳೆಯ ರೂಪ 'ಅಡಪ', ತೆಲುಗಿನಲ್ಲಿಯೂ 'ಅಡಪಮು'. ಇಲ್ಲಿ ಹಕಾರ ಶಬ್ದದ ಮೊದಲಿಗೆ ಹೊಸದಾಗಿ ಸೇರಿದೆ. ಎಲೆಯಡಿಕೆಯ ಚೀಲಕ್ಕೂ ಇದೇ ಹೆಸರಿತ್ತು. 12ನೆಯ ಶತಮಾನದ ವಚನಕಾರ ಹಡಪದ ಅಪ್ಪಣ್ಣನ ಹೆಸರಿನಲ್ಲಿ ಈ ಮಾತು ಉಳಿದಿದೆ. ಕ್ಷೌರವೃತ್ತಿಯ ಹಡಪದ ಸಮುದಾಯ ಆತನನ್ನು ತನ್ನ ಮೂಲಪುರುಷನೆಂದು ಗೌರವಿಸುತ್ತದೆ. ಇನ್ನು ಕತ್ತಿಯ ಹೆಸರನ್ನು ನೋಡಿದರೆ, ಮರಾಠಿಯ 'ವಸ್ತರಾ', ಉರ್ದುವಿನ 'ಉಸ್ತರಾ' ಎರಡೂ ಪಾರಸಿಯಿಂದ ಬಂದವು. 'ಕ್ಷೌರ' ಎಂಬುದು ಕತ್ತಿ ಎಂಬರ್ಥದ ಸಂಸ್ಕೃತ 'ಕ್ಷುರ'ದಿಂದ ಬಂದುದು.

ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅಂದು ಅವು ಆಂಧ್ರ ರಾಜ್ಯಕ್ಕೆ ಸೇರಿದವು. ಗಡಿ ಬದಲಾದರೂ ಕಸುಬಿನ ಮಾತುಗಳು ಜನರೊಡನೆ ಉಳಿದವು. ಈಗ ಅವುಗಳಿಗೆ ಬೇರೊಂದು ಕಾರಣದಿಂದ ಕುತ್ತು ಬಂದಿದೆ. ರಕ್ತದ ಮೂಲಕ ಹರಡುವ ರೋಗಗಳ ಭಯದಿಂದ ಅಂಗಡಿಗಳಲ್ಲಿ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಸಿಕ್ಕಿಸುವ ಕತ್ತಿ ಬಂದಿದೆ. ಇದು ಸರಿಯಾದ ಕ್ರಮವೇ. ಆದರೆ ಸಾಣೆಕಲ್ಲು, ಮಸೆಯುವ ಚರ್ಮದ ಪಟ್ಟಿ, ಹಡಪಗಳು ಮೂಲೆ ಸೇರಿದಾಗ ಅವುಗಳ ಹೆಸರುಗಳನ್ನು ಹೇಳುವವರೂ ಕಡಿಮೆಯಾಗುತ್ತಾರೆ.

ಆದುದರಿಂದ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯ ಕ್ಷೌರಿಕರನ್ನೂ ಬಡಗಿ, ಕಮ್ಮಾರರನ್ನೂ ಕಂಡು, ಉಪಕರಣದ ಒಂದೊಂದು ಭಾಗವನ್ನು ತೋರಿಸಿ ಹೆಸರು ಕೇಳಿ ಬರೆದುಕೊಳ್ಳುವುದು ಒಳಿತು. ಶಬ್ದದೊಡನೆ ಊರು, ಹೇಳಿದವರ ವಯಸ್ಸು, ಮನೆಮಾತು ಇವನ್ನೂ ನಮೂದಿಸಬೇಕು. ಈ ವೃತ್ತಿಯ ಹೆಸರನ್ನೇ ಬೈಗುಳವಾಗಿ ಬಳಸುವ ಕೆಟ್ಟ ರೂಢಿ ಸಮಾಜದಲ್ಲಿರುವುದರಿಂದ, ಅವರು ತಮ್ಮನ್ನು ಯಾವ ಹೆಸರಿನಿಂದ ಕರೆದುಕೊಳ್ಳುತ್ತಾರೆಂಬುದನ್ನು ಮೊದಲು ಕೇಳಿ, ಅದನ್ನೇ ಬಳಸತಕ್ಕದ್ದು.