ಅಕ್ಷರವೊಂದೇ, ಅರ್ಥವೆರಡು

ಕನ್ನಡದಲ್ಲಿ ‘ಕೊಡಲಿ’ ಎಂಬ ಮಾತಿದೆ. ‘ದೇವರು ಒಳ್ಳೆಯದನ್ನು ಕೊಡಲಿ’ ಎಂದಾಗ ಅದು ಹಾರೈಕೆ; ‘ಮರಕ್ಕೆ ಕೊಡಲಿ ಬಿದ್ದಿತು’ ಎಂದಾಗ ಅದು ಆಯುಧ. ಮೂರು ಅಕ್ಷರಗಳಲ್ಲಿ ಒಂದೂ ಬದಲಾಗಲಿಲ್ಲ. ಮೊದಲನೆಯದರಲ್ಲಿ ‘ಕೊಡು’ ಧಾತುವಿಗೆ ‘ಅಲಿ’ ಪ್ರತ್ಯಯ ಸೇರಿದೆ. ಎರಡನೆಯದು ಹಾಗೆ ಬಿಡಿಸಲು ಬಾರದ ನಾಮಪದ. ಇಂಥದನ್ನು ನಮ್ಮ ಆಲಂಕಾರಿಕರು ಶ್ಲೇಷವೆಂದು ಹೆಸರಿಟ್ಟು ಆದರಿಸಿದರು. ಕಾವ್ಯದಲ್ಲಿ ಶ್ಲೇಷದಿಂದ ಹುಟ್ಟುವುದು ಚಮತ್ಕಾರ. ಮನುಷ್ಯನ ಮಿದುಳಿನಲ್ಲಿಯೂ ಇಂಥದೊಂದು ಶ್ಲೇಷ ಒಮ್ಮೊಮ್ಮೆ ಸಂಭವಿಸುವುದುಂಟು. ಅಲ್ಲಿ ಅದರ ಫಲ ಮರಣ.

ದೇಹದ ಸಸಾರಜನಕಗಳು (ಪ್ರೋಟೀನುಗಳೆಂಬ ಹೆಸರೇ ಈಗ ಹೆಚ್ಚು ಬಳಕೆಯಲ್ಲಿದೆ) ಅಮೈನೋ ಆಮ್ಲಗಳೆಂಬ 20 ಬಗೆಯ ಮಣಿಗಳನ್ನು ಪೋಣಿಸಿದ ಸರಗಳು. ಬಹುಪಾಲು ಸರಗಳು ಗೊತ್ತಾದ ಕ್ರಮದಲ್ಲಿ ಮಡಿಚಿಕೊಂಡಾಗಲೇ ಕೆಲಸಕ್ಕೆ ಬರುತ್ತವೆ. ನಮ್ಮ ನರಕೋಶಗಳ ಹೊರಮೈಯಲ್ಲಿ ಇನ್ನೂರಕ್ಕೂ ಮಿಕ್ಕ ಮಣಿಗಳ ಒಂದು ಪ್ರೋಟೀನಿದೆ. ಸಹಜ ಸ್ಥಿತಿಯಲ್ಲಿ ಅದರ ಸುಮಾರು ಅರ್ಧ ಭಾಗ ಬಾಲದಂತೆ ಸಡಿಲವಾಗಿರುತ್ತದೆ. ಉಳಿದ ಭಾಗದಲ್ಲಿ ಮೂರು ಸುರುಳಿಗಳಿರುತ್ತವೆ. ಅದೇ ಸರ, ಒಂದು ಮಣಿಯೂ ಬದಲಾಗದೆ, ಬೇರೊಂದು ರೀತಿಯಲ್ಲಿ ಮಡಿಚಿಕೊಂಡರೆ ಪಕ್ಕದ ಸಹಜ ಸರಗಳನ್ನೂ ತನ್ನ ದಾರಿಗೆ ಎಳೆಯುತ್ತದೆ. ಕೆಟ್ಟ ಸರಗಳು ಒಟ್ಟುಗೂಡಿದಂತೆ ನರಕೋಶಗಳು ಸಾಯುತ್ತವೆ, ಮಿದುಳು ಸ್ಪಂಜಿನಂತೆ ತೂತು ಬೀಳುತ್ತದೆ. ರೋಗ ಹರಡುವುದಕ್ಕೆ ಬ್ಯಾಕ್ಟೀರಿಯವಾಗಲಿ ವೈರಸ್ಸಾಗಲಿ ಬೇಕಿಲ್ಲ, ಪ್ರೋಟೀನೊಂದೇ ಸಾಕು ಎಂಬ ವಾದವನ್ನು ಅಮೆರಿಕದ ಸ್ಟ್ಯಾನ್ಲಿ ಪ್ರುಸಿನರ್ 1982ರಲ್ಲಿ ಮುಂದಿಟ್ಟು, ಆ ರೋಗಕಾರಕಕ್ಕೆ ‘ಪ್ರಿಯಾನ್’ ಎಂದು ಹೆಸರಿಟ್ಟಾಗ ತಲೆಯಾಡಿಸಿದವರಿಗಿಂತ ಹುಬ್ಬೇರಿಸಿದವರೇ ಹೆಚ್ಚು. 1997ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಇಂಗ್ಲೆಂಡಿನ ಹಸುಗಳಿಗೆ 1986ರಲ್ಲಿ ಗುರುತಿಸಿದ ‘ಹುಚ್ಚು ಹಸುವಿನ ರೋಗ’ ಈ ಬಗೆಯದು. ಹುಲ್ಲು ತಿನ್ನುವ ಪ್ರಾಣಿಗೆ ಮಾಂಸ ಮತ್ತು ಮೂಳೆಯ ಹಿಟ್ಟನ್ನು ತಿನ್ನಿಸಿದ್ದು ಅದು ಹಬ್ಬಲು ಕಾರಣವಾಯಿತು. ಅದು ಮನುಷ್ಯರಿಗೂ ದಾಟಿದೆಯೆಂದು 1996ರಲ್ಲಿ ಹೊರಬಿದ್ದಿತು. ಬ್ರಿಟನ್ನಿನಲ್ಲಿ ಅದಕ್ಕೆ ತುತ್ತಾದವರು 178 ಮಂದಿ. ನಾಗರಹೊಳೆಯ ಕಾಡಿನಂಚಿನ ಈ ತಿತಿಮತಿಯಲ್ಲಿ ನಮಗೆ ಜಿಂಕೆ ಪರಿಚಿತ ಪ್ರಾಣಿ. ಜಿಂಕೆಯ ಜಾತಿಗೂ ಒಂದು ಪ್ರಿಯಾನ್ ರೋಗವಿದೆ. 1967ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಮೊದಲು ಕಂಡ ಅದು 2016ರಲ್ಲಿ ನಾರ್ವೆಯ ಹಿಮಸಾರಂಗಗಳಲ್ಲಿಯೂ ಪತ್ತೆಯಾಯಿತು. ನಮ್ಮ ಕಾಡುಗಳಿಂದ ಅಂಥ ವರದಿ ಬಂದಿಲ್ಲವೆಂಬುದು ಸಮಾಧಾನ. ಆದರೆ ಮನುಷ್ಯರ ಮಾತು ಬೇರೆ. ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ರೋಗವೆಂಬ ಪ್ರಿಯಾನ್ ವ್ಯಾಧಿ ಲೋಕದಲ್ಲೆಲ್ಲ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ತಗಲುತ್ತದೆ. ಬೆಂಗಳೂರಿನ ನಿಮ್ಹಾನ್ಸಿನ ವೈದ್ಯರಾದ ಸತೀಶ್ಚಂದ್ರ ಹಾಗೂ ಶಂಕರ್ ಅವರು 1971ರಿಂದ 1990ರವರೆಗೆ ಭಾರತದಲ್ಲಿ ಕಂಡ ಇಂಥ ರೋಗಿಗಳ ವೃತ್ತಾಂತವನ್ನು 1991ರಲ್ಲಿ ಪ್ರಕಟಿಸಿದರು.

ಈ ರೋಗವನ್ನು ಅರಿಯಬೇಕಾದರೆ ಪ್ರೋಟೀನಿನ ರಚನೆಯನ್ನು ಅರಿಯಬೇಕು. ಸತ್ತ ರೋಗಿಯ ಮಿದುಳಿನಿಂದ ಅದನ್ನು ತೆಗೆಯುವುದು ಅಪಾಯಕರ, ಸಿಕ್ಕುವುದೂ ಅತ್ಯಲ್ಪ. ಕುದಿಸಿದರೂ ಫಾರ್ಮಲಿನ್ನಿನಲ್ಲಿ ಇಟ್ಟರೂ ನಾಶವಾಗದ ವಸ್ತು ಅದು. ಆದ್ದರಿಂದ ವಿಜ್ಞಾನಿಗಳು ಹಿಡಿದ ದಾರಿ, ಸಹಜ ಪ್ರೋಟೀನನ್ನೇ ಬೇಕಾದಷ್ಟು ತಯಾರಿಸಿಕೊಂಡು, ಅದು ಕೆಡುವ ಬಗೆಯನ್ನು ಕಣ್ಣೆದುರಿಗೇ ಪರೀಕ್ಷಿಸುವುದು.

ತಯಾರಿಸುವ ಬಗೆ ಹೀಗೆ. ಆ ಪ್ರೋಟೀನಿನ ಜೀನನ್ನು ಈ. ಕೋಲೈ ಎಂಬ ಬ್ಯಾಕ್ಟೀರಿಯದೊಳಗೆ ಸೇರಿಸುತ್ತಾರೆ. ಪೋಷಕದ್ರವದಲ್ಲಿ ಅದು ಬೆಳೆದು ಗೊತ್ತಾದ ಹಂತಕ್ಕೆ ಬಂದಾಗ ಒಂದು ರಾಸಾಯನಿಕವನ್ನು ಬೆರೆಸಿದರೆ, ತನ್ನದಲ್ಲದ ಆ ಸರವನ್ನು ಪೋಣಿಸತೊಡಗುತ್ತದೆ. ಆದರೆ ಸರಿಯಾಗಿ ಮಡಿಚಲು ಅದಕ್ಕೆ ಬಾರದು; ಸರಗಳು ಕೋಶದೊಳಗೆ ಗಂಟುಗಂಟಾಗಿ ಹೆಪ್ಪುಗಟ್ಟುತ್ತವೆ. ಕೋಶಗಳನ್ನು ಒಡೆದು ಆ ಗಂಟನ್ನು ಗ್ವಾನಿಡೀನಿನ ಗಾಢ ದ್ರಾವಣದಲ್ಲಿ ಕರಗಿಸಿ ಸರವನ್ನು ಪೂರ್ತಿ ಬಿಡಿಸುತ್ತಾರೆ. ನಿಕ್ಕಲ್ ಲೋಹವನ್ನು ಹೊತ್ತ ಕಣಗಳ ಕೊಳವೆಯಲ್ಲಿ ಹಾಯಿಸಿದಾಗ ಬೇಕಾದ ಸರ ಅಲ್ಲಿ ಅಂಟಿಕೊಳ್ಳುತ್ತದೆ, ಬೇಡದ್ದು ಹರಿದು ಹೋಗುತ್ತದೆ. ಆಮೇಲೆ ಗ್ವಾನಿಡೀನನ್ನು ಮೆಲ್ಲಮೆಲ್ಲನೆ ತೆಗೆಯುತ್ತ ಬಂದರೆ ಸರ ತಾನಾಗಿ ತನ್ನ ಸಹಜ ಆಕಾರಕ್ಕೆ ಮಡಿಚಿಕೊಳ್ಳುತ್ತದೆ. ಎರಡು ಗಂಧಕದ ಮಣಿಗಳ ನಡುವಣ ಕೊಂಡಿಯೂ ಸರಿಯಾಗಿ ಕೂಡಬೇಕು. ಅವಸರ ಮಾಡಿದರೆ ಮತ್ತೆ ಗಂಟು. ಈ ತಾಳ್ಮೆಯ ಕೆಲಸ ಪತ್ರಿಕೆಗಳ ತಲೆಬರಹಕ್ಕೆ ಬರುವಂಥದಲ್ಲ. ಆದರೆ ಇದಿಲ್ಲದೆ ಮುಂದಿನ ಯಾವ ಮಾತೂ ಇಲ್ಲ.

ಹೀಗೆ ತಯಾರಿಸಿದ ಇಲಿಯ ಪ್ರಿಯಾನ್ ಪ್ರೋಟೀನಿನ ಮಡಿಕೆಯುಳ್ಳ ಭಾಗದ ರಚನೆಯನ್ನು ಜೂರಿಕ್ಕಿನಲ್ಲಿ ಕುರ್ಟ್ ವ್ಯೂಥ್ರಿಚ್ ಮತ್ತು ಸಂಗಡಿಗರು 1996ರಲ್ಲಿ ಅಯಸ್ಕಾಂತದ ನೆರವಿನಿಂದ ಬಿಡಿಸಿ ತೋರಿಸಿದರು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಜಯಂತ ಉದ್ಗಾಂವಕರ್ ಅವರ ಪ್ರಯೋಗಶಾಲೆಯೂ ಇಲಿಯ ಪ್ರೋಟೀನನ್ನು ಇದೇ ಬಗೆಯಲ್ಲಿ ತಯಾರಿಸಿತು. ಅದು ಒಮ್ಮೆಗೇ ಕೆಡದೆ ಮೆಟ್ಟಿಲು ಮೆಟ್ಟಿಲಾಗಿ ನಾರುಗಟ್ಟುತ್ತದೆಂಬುದಕ್ಕೆ 2008ರಲ್ಲಿ ಸಾಕ್ಷ್ಯವನ್ನೊದಗಿಸಿತು. ಆಮ್ಲೀಯ ದ್ರಾವಣದಲ್ಲಿ ಸ್ವಲ್ಪ ಉಪ್ಪು ಸೇರಿದರೆ ಬಿಡಿ ಸರಗಳು ಹೇಗೆ ಗುಂಪುಗಟ್ಟುತ್ತವೆ ಎಂಬುದೂ ಅಲ್ಲಿ ನಡೆದ ಅಧ್ಯಯನದ ವಿಷಯ. ನಮ್ಮ ಜೀವಕೋಶಗಳಲ್ಲಿಯೂ ಅಂಥ ಆಮ್ಲೀಯ ಮೂಲೆಗಳಿವೆ. ಹಾಗಾಗಿ ಇದು ಬರಿಯ ಗಾಜಿನ ನಳಿಗೆಯ ವಿಚಾರವಾಗಿ ಉಳಿಯುವುದಿಲ್ಲ. 2021ರಲ್ಲಿ ಅಮೆರಿಕದ ವಿಜ್ಞಾನಿಗಳು ರೋಗಿ ಹ್ಯಾಮ್‌ಸ್ಟರಿನ ಮಿದುಳಿನಿಂದ ತೆಗೆದ ನಾರಿನ ರಚನೆಯನ್ನೇ ಕಂಡರು. ಓಲೆಗರಿಗಳ ಕಟ್ಟಿನಂತೆ ಚಪ್ಪಟೆ ಸರಗಳು ಒಂದರ ಮೇಲೊಂದು ಕೂತಿದ್ದವು.

ರೋಗದ ವಸ್ತುವನ್ನು ಕೈಯಾರೆ ತಯಾರಿಸುವುದು ಸರಿಯೇ ಎಂದು ಕೇಳುವವರುಂಟು. ಬ್ಯಾಕ್ಟೀರಿಯದಲ್ಲಿ ತಯಾರಾದ ಸಹಜ ಸರ ಸೋಂಕು ಹರಡದು. ಆದರೆ ಅದಕ್ಕೆ ಕೊಬ್ಬಿನ ಅಂಶವನ್ನೂ ಆರ್.ಎನ್.ಎ.ಯನ್ನೂ ಬೆರೆಸಿ ಕೆಡಿಸಿದರೆ ಇಲಿಗಳಿಗೆ ರೋಗ ಬರಿಸಬಹುದೆಂದು 2010ರಲ್ಲಿ ಸಿದ್ಧವಾಯಿತು. ಪ್ರುಸಿನರ್ ಅವರ ವಾದಕ್ಕೆ ಅದು ಬಲ ತಂದಿತು, ಜೊತೆಗೆ ಎಚ್ಚರಿಕೆಯನ್ನೂ ಹೇಳಿತು. ಆ ಎಚ್ಚರಿಕೆ ಅವಶ್ಯ. ಕೆಲಸವನ್ನು ಬಿಡುವುದು ಪರಿಹಾರವಲ್ಲ. ಏಕೆಂದರೆ ಈ ರೋಗಕ್ಕೆ ಇಂದಿಗೂ ಮದ್ದಿಲ್ಲ. ಲಕ್ಷಣ ಕಂಡವರಲ್ಲಿ ಅನೇಕರು ವರ್ಷ ತುಂಬುವುದರೊಳಗೆ, ಮನೆಯವರ ಮುಖದ ಗುರುತೂ ಅಳಿದು, ತೀರಿಕೊಳ್ಳುತ್ತಾರೆ.

ಒಂದು ವಾಕ್ಯಕ್ಕೆ ಅಪಾರ್ಥ ಹುಟ್ಟಿದ್ದು ಎಲ್ಲಿ ಎಂದು ಹೇಳಬೇಕಾದವನು ಮೊದಲು ಅದರ ಸರಿಯಾದ ಪದಚ್ಛೇದವನ್ನು ಬಲ್ಲವನಾಗಿರಬೇಕು. ನಮ್ಮ ವ್ಯಾಕರಣದ ತರಗತಿಗಳಲ್ಲಿ ಇದು ಮೊದಲ ಪಾಠ. ಸರಿಯಾಗಿ ಮಡಿಚಿದ ಸರವನ್ನು ಶುದ್ಧವಾಗಿ ಕೈಗೆ ತಂದುಕೊಳ್ಳಲು ವಾರಗಟ್ಟಲೆ ದುಡಿಯುವವರೂ ಈ ಪಾಠವನ್ನೇ ಓದುತ್ತಿದ್ದಾರೆ. ಅದು ಮುಗಿಯುವುದನ್ನು ಕಾದಿರುವವರು ರೋಗಿಯ ಹಾಸಿಗೆಯ ಬಳಿ ಕೂತಿದ್ದಾರೆ.