ಅಪಹೃತ ಸ್ತ್ರೀಯರು ಮತ್ತು ೧೯೪೯ರ ಶಾಸನ

೧೯೪೭ರ ದೇಶವಿಭಜನೆಯಿಂದ ನೆಲೆ ತಪ್ಪಿದವರ ಸಂಖ್ಯೆ ಒಂದು ಕೋಟಿಗೂ ಮಿಕ್ಕುದು. ಆ ಮಹಾವಲಸೆಯ ನಡುವೆ, ವಿಶೇಷವಾಗಿ ಪಂಜಾಬಿನಲ್ಲಿ, ಹಿಂದೂ, ಸಿಖ್ಖ, ಮುಸ್ಲಿಮ್ ಎಂಬ ಭೇದವಿಲ್ಲದೆ ಸಹಸ್ರಾರು ಸ್ತ್ರೀಯರು ಅಪಹರಣಕ್ಕೆ ಗುರಿಯಾದರು. ಅವರನ್ನು ಹುಡುಕಿ ತರುವ ರಾಜ್ಯಕಾರ್ಯವು ಅವರ ಪಾಲಿಗೆ ಏನಾಗಿ ಪರಿಣಮಿಸಿತೆಂಬುದು ಇಲ್ಲಿಯ ವಿಚಾರ.

೧೯೪೭ರ ಡಿಸೆಂಬರಿನಲ್ಲಿ ಉಭಯ ರಾಷ್ಟ್ರಗಳು ಈ ವಿಷಯದಲ್ಲಿ ಒಡಂಬಡಿಕೆ ಮಾಡಿಕೊಂಡವು. ಭಾರತದ ಕಡೆಯಿಂದ ಮೃದುಲಾ ಸಾರಾಭಾಯಿಯವರು ಕಾರ್ಯದ ನೇತೃತ್ವ ವಹಿಸಿದರು. ಲಾಹೋರಿನಲ್ಲಿ ದುಡಿದ ಕಮಲಾ ಪಟೇಲರು ತಮ್ಮ ಅನುಭವವನ್ನು ಮುಂದೆ ಗುಜರಾತಿಯಲ್ಲಿ ಗ್ರಂಥಸ್ಥಗೊಳಿಸಿದರು. ೧೯೪೯ರಲ್ಲಿ ಭಾರತವು ಇದಕ್ಕೆಂದೇ ಶಾಸನವೊಂದನ್ನು ಮಾಡಿತು.

ಈ ಶಾಸನದ ವ್ಯಾಖ್ಯೆಯು ಗಮನಾರ್ಹವಾದುದು. ೧೯೪೭ರ ಮಾರ್ಚ್ ೧ಕ್ಕೆ ಮೊದಲು ಮುಸ್ಲಿಮಳಾಗಿದ್ದು, ಅಂದಿನಿಂದ ೧೯೪೯ರ ಜನವರಿ ೧ರೊಳಗೆ ತನ್ನ ಕುಟುಂಬದಿಂದ ಅಗಲಿ ಪರರ ಆಶ್ರಯದಲ್ಲಿರುವ ಸ್ತ್ರೀಯು ಯಾವ ವಯಸ್ಸಿನವಳಾದರೂ 'ಅಪಹೃತ'ಳೇ. ಗಂಡುಮಕ್ಕಳಿಗಾದರೋ ಹದಿನಾರು ವರ್ಷದ ಮಿತಿಯುಂಟು. ಪ್ರಾಪ್ತವಯಸ್ಕಳಾದ ಹೆಣ್ಣಿನ ಇಚ್ಛೆಗೆ ಈ ವ್ಯಾಖ್ಯೆಯಲ್ಲಿ ಸ್ಥಾನವೇ ಇಲ್ಲ. ಆ ಅವಧಿಯಲ್ಲಿ ಆಕೆ ಹೆತ್ತ ಮಗುವೂ ಅದರೊಳಗೆ ಸೇರಿತು. ಸಂದೇಹ ಬಂದಲ್ಲಿ ನ್ಯಾಯಮಂಡಲಿಯು ತೀರ್ಮಾನಿಸುತ್ತಿತ್ತು. ಶಿಬಿರದಲ್ಲಿರಿಸಿದುದನ್ನು ಬೇರೆ ನ್ಯಾಯಾಲಯದಲ್ಲಿ ಪ್ರಶ್ನಿಸುವುದಕ್ಕೂ ಶಾಸನವು ಎಡೆಗೊಡಲಿಲ್ಲ. ಪಂಜಾಬಿನ ಉಚ್ಚ ನ್ಯಾಯಾಲಯ ಇದನ್ನು ಅಸಿಂಧುವೆಂದಿತು. ಆದರೆ ೧೯೫೨ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂಥ ವಶಪಡೆಯುವಿಕೆ ಸಂವಿಧಾನದ ೨೨ನೆಯ ಅನುಚ್ಛೇದವು ಹೇಳುವ ದಸ್ತಗಿರಿಯಲ್ಲವೆಂದು ತೀರ್ಪಿತ್ತು ಶಾಸನವನ್ನು ಎತ್ತಿಹಿಡಿಯಿತು.

ಎರಡೂ ದೇಶಗಳಲ್ಲಿ ಒಟ್ಟು ಸುಮಾರು ೩೦,೦೦೦ ಸ್ತ್ರೀಯರು ಪತ್ತೆಯಾದರು. ದೌರ್ಜನ್ಯದ ಸೆರೆಯಿಂದ ಬಿಡುಗಡೆ ಪಡೆದವರಿಗೆ ಇದು ನಿಜವಾದ ಉದ್ಧಾರವೇ ಆಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಹೊಸ ಮನೆಯಲ್ಲಿ ಮಕ್ಕಳನ್ನು ಹೆತ್ತು ನೆಲೆನಿಂತವಳಿಗೂ, ತವರು ತನ್ನನ್ನು ಮತ್ತೆ ಒಳಕ್ಕೆ ಕರೆಯಲಾರದೆಂದು ಅಂಜಿದವಳಿಗೂ ಇದು ಎರಡನೆಯ ಸ್ಥಳಾಂತರ. ಇಚ್ಛೆಗೆ ವಿರೋಧವಾಗಿ ಯಾರನ್ನೂ ಗಡಿ ದಾಟಿಸಬಾರದೆಂಬ ತತ್ತ್ವವು ಅಂಗೀಕೃತವಾದುದು ೧೯೫೪ರಲ್ಲಿ. ೧೯೫೭ರಲ್ಲಿ ಶಾಸನವೇ ಮುಗಿಯಿತು.

ರಾಜ್ಯವು ಹೆಣ್ಣನ್ನು ಜನ್ಮಮತದಿಂದ ಗುರುತಿಸಿತು, ಆಕೆಯ ಮಾತಿನಿಂದಲ್ಲ. ನಿರಾಶ್ರಿತರ ಚರಿತ್ರೆಯನ್ನು ಅಭ್ಯಸಿಸುವವರು ಸಂಖ್ಯೆಗಳೊಡನೆ ಈ ಮೌನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಶ್ಯ.