ಗೋಡೆಯ ಇನ್ನೊಂದು ಇಟ್ಟಿಗೆ

ಉಪಾಧ್ಯಾಯರನ್ನು ಹಳಿಯುವ ಹಾಡೊಂದನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ವಿವರಿಸಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲೆಂಡಿನ ರಾಕ್ ಸಂಗೀತಮೇಳವು 1979ರ ನವೆಂಬರಿನಲ್ಲಿ ಹೊರತಂದ ‘ಅನದರ್ ಬ್ರಿಕ್ ಇನ್ ದ ವಾಲ್’ ಗೀತದ ಎರಡನೆಯ ಭಾಗವನ್ನು ಉಪಾಧ್ಯಾಯವರ್ಗದವರೇ ಮೊದಲು ಕಿವಿಗೊಟ್ಟು ಕೇಳತಕ್ಕುದೆಂದು ನನ್ನ ಅಭಿಪ್ರಾಯ.

ಗೀತವನ್ನು ರಚಿಸಿದವರು ಮೇಳದ ರೋಜರ್ ವಾಟರ್ಸ್. ಅವರ ತಂದೆತಾಯಿ ಇಬ್ಬರೂ ಉಪಾಧ್ಯಾಯರೆಂಬುದು ಗಮನಾರ್ಹ. ತಂದೆಯವರು 1944ರಲ್ಲಿ ಇಟಲಿಯ ಆನ್ಜಿಯೋ ರಣರಂಗದಲ್ಲಿ ಮಡಿದಾಗ ರೋಜರ್ ಐದು ತಿಂಗಳ ಕೂಸು. ‘ದ ವಾಲ್’ ಎಂಬ ಅವರ ಗೀತಮಾಲಿಕೆಯ ನಾಯಕನು ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುತ್ತಾನೆ. ಬಾಳಿನಲ್ಲಿ ತಗಲಿದ ಒಂದೊಂದು ನೋವೂ ಅದಕ್ಕೊಂದು ಇಟ್ಟಿಗೆ. ತಂದೆಯ ಮರಣ ಒಂದು. ಉಪಾಧ್ಯಾಯರಾಡಿದ ಕೊಂಕುನುಡಿ ಮತ್ತೊಂದು. 1982ರಲ್ಲಿ ಬಂದ ಚಲನಚಿತ್ರದಲ್ಲಿ, ಕವಿತೆ ಬರೆದ ಬಾಲಕನನ್ನು ಉಪಾಧ್ಯಾಯನು ಇಡೀ ತರಗತಿಯ ಮುಂದೆ ಗೇಲಿಮಾಡುವ ದೃಶ್ಯವುಂಟು. ಗೀತದ ಸಿಟ್ಟೆಲ್ಲ ಆ ಗೇಲಿಯ ಮೇಲೆ. ಪಲ್ಲವಿಯಲ್ಲಿ ನಿಷೇಧದ ಮೇಲೆ ನಿಷೇಧ ಬಂದಿರುವುದರಿಂದ, ವ್ಯಾಕರಣದ ಕಟ್ಟುಪಾಡಿನಂತೆ ಅರ್ಥಮಾಡಹೋದರೆ ವಿದ್ಯೆ ಬೇಕೆಂದೇ ಆಗುತ್ತದೆ! ಕೆಂಪು ಶಾಯಿಯ ಲೇಖನಿ ಹಿಡಿದವರು ಇದನ್ನು ಸುಮ್ಮನೆ ಬಿಟ್ಟಾರೆ?

ಪಲ್ಲವಿಯನ್ನು ಹಾಡಿದವರು ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ 23 ಮಂದಿ ಮಕ್ಕಳು. ಸಂಗೀತದ ಉಪಾಧ್ಯಾಯರು ಅವರನ್ನು ಸಮೀಪದ ಧ್ವನಿಮುದ್ರಣಾಲಯಕ್ಕೆ ಕರೆದೊಯ್ದರು. ಅಷ್ಟೇ ಕಂಠಗಳನ್ನು ಹಲವು ಬಾರಿ ಒಂದರ ಮೇಲೊಂದು ಮುದ್ರಿಸಿ ದೊಡ್ಡ ಗುಂಪಿನ ಘೋಷವನ್ನಾಗಿ ಮಾಡಲಾಯಿತು. ಹಾಡಿನ ಮಾತುಗಳು ತಿಳಿದಮೇಲೆ ಮುಖ್ಯೋಪಾಧ್ಯಾಯಿನಿಯವರು, ಮಕ್ಕಳು ಟೆಲಿವಿಷನ್ನಿನಲ್ಲಿ ಕಾಣಿಸಿಕೊಳ್ಳಕೂಡದೆಂದರು. ಅವರ ಸ್ಥಾನದಲ್ಲಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆನೇನೋ. ಶಾಲೆಗೆ 1,000 ಪೌಂಡು ಸಂದಿತು. ಆ ವರ್ಷದ ಕ್ರಿಸ್ಮಸ್ ವೇಳೆಗೆ ಬ್ರಿಟನ್ನಿನಲ್ಲಿಯೂ, 1980ರಲ್ಲಿ ಅಮೆರಿಕದಲ್ಲಿಯೂ ಗೀತವು ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು.

ಆದರೆ ಹಾಡಿನ ನಿಜವಾದ ತೂಕ ತಿಳಿದುದು ದಕ್ಷಿಣ ಆಫ್ರಿಕದಲ್ಲಿ. ಅಲ್ಲಿ ವರ್ಣಭೇದದ ಸರಕಾರವು ಬಿಳಿಯ ಮಗುವಿನ ವಿದ್ಯೆಗೆ ವೆಚ್ಚಮಾಡುತ್ತಿದ್ದುದರ ಅಲ್ಪಾಂಶವನ್ನು ಮಾತ್ರ ಕರಿಯ ಮಗುವಿಗೆ ವಿನಿಯೋಗಿಸುತ್ತಿತ್ತು. ಪಾಠಗಳನ್ನು ಆಫ್ರಿಕಾನ್ಸ್ ಭಾಷೆಯಲ್ಲಿ ಕಲಿಸಬೇಕೆಂಬ ಆಜ್ಞೆಯನ್ನು ಪ್ರತಿಭಟಿಸಿ 1976ರ ಜೂನ್ 16ರಂದು ಸೊವೆಟೋದ ವಿದ್ಯಾರ್ಥಿಗಳು ಬೀದಿಗಿಳಿದಾಗ ಪೋಲೀಸರು ಗುಂಡುಹಾರಿಸಿದ್ದರು. ಬೋಧನಮಾಧ್ಯಮದ ಪ್ರಶ್ನೆ ಎಷ್ಟು ಆಳಕ್ಕೆ ತಾಗುವುದೆಂಬುದನ್ನು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ವರ್ಷಗಳ ತರುವಾಯ, 1980ರಲ್ಲಿ, ಕೇಪ್ ಪ್ರಾಂತದಲ್ಲಿ ಆರಂಭವಾದ ಶಾಲಾಬಹಿಷ್ಕಾರದಲ್ಲಿ ವಿದ್ಯಾರ್ಥಿಗಳು ಈ ಹಾಡನ್ನೇ ತಮ್ಮ ಘೋಷವನ್ನಾಗಿ ಮಾಡಿಕೊಂಡರು. ಸರಕಾರವು ಅದೇ ಮೇ ತಿಂಗಳಲ್ಲಿ ಅದನ್ನು ನಿಷೇಧಿಸಿತು. ವಿದ್ಯೆ ಬೇಡವೆಂಬಂತೆ ಕೇಳಿಸುವ ಹಾಡನ್ನು ಹಾಡಿದ ಆ ಮಕ್ಕಳು ಬೇಡುತ್ತಿದ್ದುದು ಸಮಾನವಾದ ವಿದ್ಯೆಯನ್ನು! ಗೀತದ ಅರ್ಥವನ್ನು ವಿಮರ್ಶಕರಿಗಿಂತ ಅವರೇ ಚೆನ್ನಾಗಿ ಗ್ರಹಿಸಿದರೆಂದು ನಾನು ತಿಳಿದಿದ್ದೇನೆ.

ಬರ್ಲಿನ್ನಿನ ಗೋಡೆ ಬಿದ್ದ ಮರುವರ್ಷ, 1990ರ ಜುಲೈ 21ರಂದು, ಆ ಗೋಡೆಯಿದ್ದ ನೆಲದಲ್ಲಿಯೇ ವಾಟರ್ಸ್ ಇಡೀ ಮಾಲಿಕೆಯನ್ನು ಭಾರಿ ಜನಸ್ತೋಮದ ಮುಂದೆ ಹಾಡಿಸಿದರು.

ಲಂಡನ್ನಿನ ಆ 23 ಮಕ್ಕಳಿಗೆ ಬರಬೇಕಾದ ಗೌರವಧನದ ಮಾತು ಬಹುಕಾಲ ಯಾರಿಗೂ ಹೊಳೆಯಲಿಲ್ಲ. 1996ರಲ್ಲಿ ಬ್ರಿಟನ್ನಿನ ಕೃತಿಸ್ವಾಮ್ಯದ ಕಾನೂನು ಬದಲಾದ ಬಳಿಕ ಹಾಡಿದವರಿಗೂ ಪಾಲು ಕೇಳುವ ಹಕ್ಕು ದೊರೆಯಿತು. 2004ರ ಸುಮಾರಿಗೆ ಅವರನ್ನು ಹುಡುಕಿ ಒಟ್ಟುಗೂಡಿಸುವ ಕೆಲಸ ನಡೆಯಿತು. ಅಷ್ಟರಲ್ಲಿ ಅವರೆಲ್ಲ ನಡುವಯಸ್ಸಿನ ಹತ್ತಿರಕ್ಕೆ ಬಂದಿದ್ದರು.